ನಿಪ್ಪಟ್ಟು ಮುರಿಯಲಿಲ್ಲ, ಊರು ತಪ್ಪಿತು

ಬನಶಂಕರಿಯಲ್ಲಿ ನಮ್ಮ ಮನೆ ಹತ್ತಿರದ ಒಂದು ಕೊರಿಯರ್ ಅಂಗಡಿ. ಹೆಸರು ಬೇಡ, ಹುಡುಗರು ಒಳ್ಳೆಯವರು. ಅಮೆರಿಕದ ಮೇರಿಲ್ಯಾಂಡ್ ರಾಜ್ಯದಲ್ಲಿರುವ ಮಗಳಿಗೆ ಚಟ್ನಿಪುಡಿ, ಮೆಂತ್ಯದ ಹಿಟ್ಟು, ಅವಳಮ್ಮ ಮಾಡಿದ ನಿಪ್ಪಟ್ಟು, ಒಟ್ಟು ಆರು ಕಿಲೋ ಕಳಿಸಿದೆ.

ಪ್ಯಾಕಿಂಗ್‌ಗೆ ಐದಕ್ಕೆ ಐದು. ಪುಡಿಗಳಿಗೆ ಗಾಳಿ ತೆಗೆದು ಸೀಲು, ನಿಪ್ಪಟ್ಟಿಗೆ ಬೇರೆ ಡಬ್ಬ. ತೂಕ ನಮ್ಮ ಕಣ್ಣೆದುರೇ.

ಎಡವಟ್ಟಾಗಿದ್ದು ವಿಳಾಸದಲ್ಲಿ. ನಾನು ಬರೆದುಕೊಟ್ಟಿದ್ದು 'ಸಿಲ್ವರ್ ಸ್ಪ್ರಿಂಗ್, ಮಾಂಟ್ಗೊಮರಿ ಕೌಂಟಿ'. ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದ ಹಾಗೆ. ಹುಡುಗ ಮೊಬೈಲಲ್ಲಿ ಹುಡುಕಿ, "ಅಂಕಲ್, ಸಿಲ್ವರ್ ಸ್ಪ್ರಿಂಗ್ ಸಿಟಿನೇ ಅಲ್ವಂತೆ" ಅಂದ. ಸಿಟಿ ಕಾಲಂನಲ್ಲಿ ಮಾಂಟ್ಗೊಮರಿ ಅಂತ ಹೊಡೆದ. ಆ ಹೆಸರಿನ ಸಿಟಿ ಅಲಬಾಮ ರಾಜ್ಯದ ರಾಜಧಾನಿ! ಪಿನ್ ಒಂದು ಕಡೆ, ಊರು ಇನ್ನೊಂದು ಕಡೆ. ಪಾರ್ಸೆಲ್ ಒಂಬತ್ತು ದಿನ ಗೋಡೌನಿನಲ್ಲೇ ಕೂತಿತ್ತು.

ತಮಾಷೆ ಅಂದರೆ, ಹುಡುಗ ಹೇಳಿದ್ದು ಸುಳ್ಳಲ್ಲ. ತಾಲೂಕು ಕಚೇರಿಯಲ್ಲಿ ಜೀವಮಾನ ಸವೆಸಿದವನು ನಾನು, ಮಗಳನ್ನು ಫೋನಿನಲ್ಲಿ ಕೂರಿಸಿಕೊಂಡು ಕೇಳಿದೆ. ಸಿಲ್ವರ್ ಸ್ಪ್ರಿಂಗ್‌ಗೆ ಮೇಯರ್ ಇಲ್ಲ, ನಗರಸಭೆ ಇಲ್ಲ. ಪೊಲೀಸು, ಶಾಲೆ ಎಲ್ಲ ಕೌಂಟಿಯದು. ಹನ್ನೊಂದು ಜನರ ಕೌಂಟಿ ಕೌನ್ಸಿಲ್, ಜನರೇ ಆರಿಸಿದ ಒಬ್ಬ ಮುಖ್ಯಸ್ಥ, ಕಚೇರಿ ಇರುವುದು ರಾಕ್‌ವಿಲ್‌ನಲ್ಲಿ. ಪಕ್ಕದ ಪುಟ್ಟ ಟಕೋಮಾ ಪಾರ್ಕ್‌ಗೆ ಮಾತ್ರ ಸ್ವಂತ ಮೇಯರ್ ಇದ್ದಾರೆ. ಸಿಲ್ವರ್ ಸ್ಪ್ರಿಂಗ್ ಗಡಿ ಅನ್ನುವುದು ಜನಗಣತಿಯವರು ಲೆಕ್ಕಕ್ಕೆ ಎಳೆದ ಗೆರೆ. ಅಂಚೆಯವರ ಸಿಲ್ವರ್ ಸ್ಪ್ರಿಂಗ್ ಅದಕ್ಕಿಂತ ದೊಡ್ಡದು. 2020ರ ಗಣತಿಯಲ್ಲಿ 81 ಸಾವಿರ ಜನ, ಆದರೂ ಕಾಗದದ ಮೇಲೆ ಅದು ಪುರಸಭೆಯೂ ಅಲ್ಲ! ಹೆಸರು ಬಂದದ್ದು ಕಾಗೆಬಂಗಾರದ ಚೂರುಗಳಿಂದ ಮಿನುಗುತ್ತಿದ್ದ ಒಂದು ಚಿಲುಮೆಯಿಂದಂತೆ. ಇದು ಮಾತ್ರ ನನಗೆ ತುಂಬ ಇಷ್ಟವಾಯಿತು.

ನಗೋಣ ಅಂದುಕೊಂಡೆ. ಅಷ್ಟರಲ್ಲಿ ರಸೀದಿಯಲ್ಲಿ ನನ್ನದೇ ವಿಳಾಸ ಕಂಡಿತು. 'ಬೆಂಗಳೂರು ದಕ್ಷಿಣ'. ಯಾವ ದಕ್ಷಿಣ ಸ್ವಾಮಿ? ತಾಲೂಕೋ, ಲೋಕಸಭಾ ಕ್ಷೇತ್ರವೋ, 2025ರಲ್ಲಿ ಬಿಬಿಎಂಪಿ ಒಡೆದು ಮಾಡಿದ ಐದು ಪಾಲಿಕೆಗಳಲ್ಲಿ ಒಂದೋ, ಅದೇ ವರ್ಷ ರಾಮನಗರ ಜಿಲ್ಲೆಗೆ ಇಟ್ಟ ಹೊಸ ಹೆಸರೋ? ಸುಮ್ನೆ ರಸೀದಿ ಮಡಚಿ ಜೇಬಿಗಿಟ್ಟೆ.

ತಿದ್ದುಪಡಿಗೆ ಅಂಗಡಿಯವರು ದುಡ್ಡು ಕೇಳಲಿಲ್ಲ, ಮಾಲೀಕರೇ ಫೋನ್ ಮಾಡಿ ಕ್ಷಮೆ ಕೇಳಿದರು. ಆದರೂ ಒಟ್ಟಾರೆ ಐದಕ್ಕೆ ಮೂರೂವರೆಗಿಂತ ಜಾಸ್ತಿ ಕೊಡಲಾರೆ. ಸಂಕ್ರಾಂತಿಯ ಎಳ್ಳು-ಬೆಲ್ಲ ಅಲ್ಲಿಂದಲೇ ಹೋಗುತ್ತದೆ, ಆದರೆ ಸಿಟಿ ಕಾಲಂ ತುಂಬುವಾಗ ಹುಡುಗನ ಪಕ್ಕದಲ್ಲೇ ನಿಂತಿರುತ್ತೇನೆ. ನಿಪ್ಪಟ್ಟು ಒಂದೂ ಮುರಿದಿರಲಿಲ್ಲವಂತೆ. ಸ್ವಲ್ಪ ಮೆತ್ತಗಾಗಿತ್ತು, ಅಷ್ಟೇ.