ಕಾಮಾಕುರಾ ಮತ್ತು ತೊಮೊನೊಉರಾ: ಕಡಲತಡಿಯ ಎರಡು ಹಳೆಯ ಊರುಗಳು

ಜಪಾನಿನ ಹಳೆಯ ಕರಾವಳಿ ಪಟ್ಟಣವೊಂದನ್ನು ನೋಡಬಯಸುವವರಿಗೆ ಸಾಮಾನ್ಯವಾಗಿ ಮೊದಲು ಕೇಳಿಬರುವ ಹೆಸರು ಕಾಮಾಕುರಾ. ಆ ಊರನ್ನೂ ಹಿರೋಶಿಮಾ ಪ್ರಾಂತ್ಯದ ತೊಮೊನೊಉರಾವನ್ನೂ ಸುತ್ತಿದ ಮೇಲೆ ನನ್ನ ಒಲವು ಎರಡನೆಯದರ ಕಡೆಗೇ ವಾಲಿತು.

ಮೂರು ಕಡೆ ಬೆಟ್ಟ, ಒಂದು ಕಡೆ ಸಮುದ್ರವಿರುವ ಕಾಮಾಕುರಾದಲ್ಲಿ ಮಿನಾಮೊತೊ ನೊ ಯೊರಿತೊಮೊ ಹನ್ನೆರಡನೆಯ ಶತಮಾನದ ಕೊನೆಯಲ್ಲಿ ಶೋಗುನರ, ಎಂದರೆ ಸೇನಾಧಿಪತಿಗಳ, ಆಡಳಿತವನ್ನು ನೆಲೆಗೊಳಿಸಿದನು. 1333ರಲ್ಲಿ ನಿತ್ತಾ ಯೊಶಿಸದನ ಸೇನೆ ಇನಾಮುರಾಗಸಾಕಿ ಭೂಶಿರವನ್ನು ಕಡಲಂಚಿನಿಂದ ಬಳಸಿ ಬಂದು ಆ ಆಡಳಿತವನ್ನು ಕೆಡವಿತು. ಕೊತೊಕು-ಇನ್ ದೇವಾಲಯದ ಕಂಚಿನ ಬುದ್ಧ ಪೀಠವನ್ನು ಬಿಟ್ಟೂ 11 ಮೀಟರಿಗಿಂತ ಎತ್ತರವಿದ್ದು, ಅದರ ಟೊಳ್ಳು ಒಡಲೊಳಗೆ ಹೊಕ್ಕರೆ ಹಂತಹಂತವಾಗಿ ಎರಕ ಹೊಯ್ದ ಬೆಸುಗೆಯ ಗೆರೆಗಳು ಕೈಗೆಟಕುವಷ್ಟು ಹತ್ತಿರದಲ್ಲಿ ಕಾಣುತ್ತವೆ. ನೋಡಲೇಬೇಕಾದದ್ದು, ನಿಜ. ಆದರೆ ಎನೊಡೆನ್ ಎಂಬ ಸ್ಥಳೀಯ ರೈಲಿನ ನೂಕುನುಗ್ಗಲನ್ನು ದಾಟಿ ಬಂದವರಿಗೆ ಇಲ್ಲಿಯ ಸಮುದ್ರ ಬರಿಯ ಹಿನ್ನೆಲೆಯಾಗಿಯೇ ಉಳಿಯುತ್ತದೆ.

ತೊಮೊನೊಉರಾ ಹುಟ್ಟಿದ್ದೇ ಸಮುದ್ರದ ಲೆಕ್ಕಾಚಾರದಿಂದ. ಸೆತೊ ಒಳಗಡಲಿಗೆ ಪೂರ್ವ ಪಶ್ಚಿಮಗಳೆರಡರಿಂದಲೂ ನುಗ್ಗುವ ಉಬ್ಬರದ ನೀರು ಈ ಊರಿನ ಆಸುಪಾಸಿನಲ್ಲಿ ಸಂಧಿಸುವುದರಿಂದ, ಹಾಯಿಹಡಗುಗಳು ಉಬ್ಬರದೊಡನೆ ಇಲ್ಲಿಯವರೆಗೆ ತೇಲಿಬಂದು, ಬಂದರಿನಲ್ಲಿ ತಂಗಿ, ಇಳಿತದೊಡನೆ ಮುಂದೆ ಸಾಗುತ್ತಿದ್ದವು. ನೀರು ಎಷ್ಟೇ ಏರಿಳಿದರೂ ಸರಕು ಇಳಿಸಲು ಅನುವಾಗುವಂತೆ ಕಟ್ಟಿದ 'ಗಂಗಿ' ಎಂಬ ಕಲ್ಲಿನ ಮೆಟ್ಟಿಲುಗಳು ಇಂದಿಗೂ ಇವೆ. ಇಳಿತದ ಹೊತ್ತಿಗೆ ಹೋದರೆ ಪಾಚಿಗಟ್ಟಿದ ಕೆಳಗಿನ ಸಾಲುಗಳೂ ಹೊರಬಿದ್ದಿರುತ್ತವೆ. ಪಕ್ಕದಲ್ಲೇ 1859ರ ಕಲ್ಲಿನ ದೀಪಸ್ತಂಭ ನಿಂತಿದೆ. 1711ರಲ್ಲಿ ಕೊರಿಯಾದ ರಾಜನಿಯೋಗದವರು ಮನಸೋತ ನೋಟವನ್ನು ಫುಕುಝೆನ್-ಜಿ ದೇವಾಲಯದ ತೈಚೊರೊ ಮಂಟಪದ ಚಾಪೆಯ ಮೇಲೆ ಕುಳಿತೇ ಸವಿಯಬಹುದು. ಉಗಿಹಡಗು ಬಂದ ಮೇಲೆ ಉಬ್ಬರಕ್ಕೆ ಕಾಯುವ ಅಗತ್ಯ ತಪ್ಪಿ ಬಂದರು ಬಡವಾಯಿತು. ಹಳೆಯ ರೂಪ ಉಳಿದದ್ದಕ್ಕೆ ಆ ಬಡತನವೂ ಒಂದು ಕಾರಣವೆಂದು ನನಗೆ ತೋರುತ್ತದೆ. ಕೊಲ್ಲಿಯ ಒಂದು ಭಾಗವನ್ನು ತುಂಬಿ ಸೇತುವೆ ಕಟ್ಟುವ ಯೋಜನೆಯನ್ನು ನಿವಾಸಿಗಳು ವಿರೋಧಿಸಿ ಮೊಕದ್ದಮೆ ಹೂಡಿದಾಗ, 2009ರಲ್ಲಿ ಹಿರೋಶಿಮಾ ಜಿಲ್ಲಾ ನ್ಯಾಯಾಲಯ ಅದಕ್ಕೆ ತಡೆ ನೀಡಿತು.

ಊಟದ ವಿಷಯದಲ್ಲಿ ಮಾತ್ರ ಸಸ್ಯಾಹಾರಿಗಳಿಗೆ ಕಾಮಾಕುರಾವೇ ಮೇಲು. ತೊಮೊನೊಉರಾದ ಹೋಟೆಲುಗಳಲ್ಲಿ 'ತೈ' (ಸೀ ಬ್ರೀಮ್) ಎಂಬ ಮೀನಿನದೇ ದರ್ಬಾರು. ಹದಿನಾರು ಬಗೆಯ ಗಿಡಮೂಲಿಕೆಗಳನ್ನು ಹಾಕಿ ತಯಾರಿಸುವ ಇಲ್ಲಿಯ ಹೋಮೇಶು ಮದ್ಯದಿಂದ ಹೊಟ್ಟೆ ತುಂಬುವುದಿಲ್ಲವಷ್ಟೆ. ಟೋಕಿಯೊದಲ್ಲಿ ಉಳಿದು ಒಂದೇ ದಿನ ಬಿಡುವಿರುವವರು, ಸುಮಾರು ಒಂದು ಗಂಟೆಯ ರೈಲು ಪ್ರಯಾಣದಲ್ಲಿ ಸಿಗುವ ಕಾಮಾಕುರಾವನ್ನು ಆರಿಸಿಕೊಳ್ಳುವುದು ಸರಿ. ಹಿರೋಶಿಮಾದ ಕಡೆಗೆ ಶಿಂಕಾನ್‌ಸೆನ್ ಬುಲೆಟ್ ರೈಲಿನಲ್ಲಿ ಹೊರಟವರಾದರೆ ಫುಕುಯಾಮಾದಲ್ಲಿ ಇಳಿದು, ಅಲ್ಲಿಂದ ಅರ್ಧ ಗಂಟೆಯ ಬಸ್ಸು ಹಿಡಿಯಲಿ. ಹೊರಡುವ ಮುನ್ನ ಆ ದಿನದ ಉಬ್ಬರ ಇಳಿತಗಳ ವೇಳೆಯನ್ನು ನೋಡಿಕೊಂಡಿರಲಿ.