ಕೇಬಲ್‌ವಾಲಾ, ಫೈಬರ್, 5ಜಿ ಡಬ್ಬಿ: ನಿಮ್ಮ ಮನೆಗೆ ನಿಜವಾಗಿ ಎಷ್ಟು ಸ್ಪೀಡ್ ಸಿಗುತ್ತದೆ?

ಮುಂಬೈನ ಮುಲುಂಡಿಗೆ ಹೊಸದಾಗಿ ಬಂದ ನಮ್ಮವರು ಫೋನ್ ಮಾಡಿ "ಅಲ್ಲಿ ಯಾವ ನೆಟ್ ಒಳ್ಳೇದು?" ಅಂತ ಕೇಳುತ್ತಾರೆ. ಕಂಪನಿಯ ಹೆಸರು ಹೇಳಿ ಪ್ರಯೋಜನವಿಲ್ಲ. ಎ ವಿಂಗ್‌ನಲ್ಲಿ ಚೆನ್ನಾಗಿ ನಡೆಯುವ ಕನೆಕ್ಷನ್ ಸಿ ವಿಂಗ್‌ನಲ್ಲಿ ಕೈಕೊಡುತ್ತದೆ. ಆ್ಯಪ್‌ನಲ್ಲಿ 400080 ಅಂತ ಪಿನ್‌ಕೋಡ್ ಹಾಕಿದರೆ ಹಸಿರು ಟಿಕ್ ಬರುತ್ತದೆ, ನಿಜ. ಆದರೆ ಅದು ಮುಲುಂಡ್ ಪಶ್ಚಿಮಕ್ಕೆ ಕೊಟ್ಟ ಟಿಕ್, ನಿಮ್ಮ ಮೂರನೇ ಮಹಡಿಗಲ್ಲ. ನೋಡಬೇಕಾದದ್ದು ಮೆಟ್ಟಿಲ ಬಳಿಯ ಡಬ್ಬಿ ಮತ್ತು ಅಲ್ಲಿಂದ ಮನೆಯೊಳಗೆ ಬರುವ ವೈರು.

ನಮ್ಮ ಹಳೇ ಸೊಸೈಟಿಯಲ್ಲಿ ಮೊದಲು ಇದ್ದದ್ದು ಕೇಬಲ್‌ವಾಲಾನ ಲೈನ್, ಅಂದರೆ ಏರಿಯಾದ ಕೇಬಲ್‌ನವನೇ ಕೊಡುವ ನೆಟ್. ಅವನು "ಫೈಬರ್ ಹೈ" ಅಂತಲೇ ಮಾರುತ್ತಾನೆ. ಫೈಬರ್ ಬರುವುದು ಟೆರೇಸ್‌ವರೆಗೆ. ಅಲ್ಲಿ ಒಂದು ಸ್ವಿಚ್ (ಒಂದು ಲೈನನ್ನು ಹಲವು ಮನೆಗಳಿಗೆ ಹಂಚುವ ಡಬ್ಬಿ), ಅದರಿಂದ ಕಿಟಕಿಗಳ ಪಕ್ಕದಲ್ಲೇ ಇಳಿಬಿಟ್ಟ ಲ್ಯಾನ್ ವೈರು. ಆ ವೈರಿನ ಮೈಮೇಲೆ ಸಣ್ಣ ಅಕ್ಷರ ಇರುತ್ತದೆ, ಓದಿ. 'ಕ್ಯಾಟ್ 5ಇ' ಅಥವಾ 'ಕ್ಯಾಟ್ 6' ಅಂತಿದ್ದರೆ 100 ಮೀಟರ್‌ವರೆಗೆ 1 ಜಿಬಿಪಿಎಸ್, ಅಂದರೆ 1000 ಎಂಬಿಪಿಎಸ್ ಎಳೆಯುವ ತಾಕತ್ತು ಅದಕ್ಕಿದೆ. ಆದರೆ ಒಳಗಿನ ಎಂಟು ಎಳೆಗಳೂ ಪಿನ್ನಿಗೆ ಸೇರಿರಬೇಕು. ನಾಲ್ಕೇ ಎಳೆ ಹಾಕಿದ್ದರೆ, ಇಲ್ಲವೇ ಮೇಲಿನ ಸ್ವಿಚ್ ಹಳೆಯದಾಗಿದ್ದರೆ, 100 ಎಂಬಿಪಿಎಸ್‌ಗೆ ಆಟ ಮುಗಿಯಿತು. ಗುರುತು ಸುಲಭ: ನೀವು 200 ಎಂಬಿಪಿಎಸ್ ಪ್ಲ್ಯಾನ್ ತೆಗೆದುಕೊಂಡಿದ್ದೀರಿ, ಸ್ಪೀಡ್ ಟೆಸ್ಟ್ ಮಾತ್ರ ಪ್ರತಿ ಸಲ 94ರ ಹತ್ತಿರ ಬಂದು ನಿಂತುಬಿಡುತ್ತದೆ. ನಮ್ಮದೂ ಹಾಗೇ ನಿಂತಿತ್ತು. ಹುಡುಗನನ್ನು ಕರೆಸಿ ಪಿನ್ ಹೊಸದಾಗಿ ಹಾಕಿಸಿದರೂ ಅಲುಗಲಿಲ್ಲ. ತಕರಾರು ಮೇಲಿನ ಸ್ವಿಚ್‌ನದ್ದು, ಅದನ್ನು ಬದಲಾಯಿಸಲು ಅವರ ಸೇಠ್ ಒಪ್ಪಲಿಲ್ಲ.

ಹಾಗಂತ ಕೇಬಲ್‌ವಾಲಾನನ್ನು ತಳ್ಳಿಹಾಕಬೇಡಿ. ಅಪ್‌ಲೋಡ್ ಕೂಡ ಡೌನ್‌ಲೋಡ್‌ನಷ್ಟೇ ಸಿಗುತ್ತಿತ್ತು. ನೆಟ್ ಹೋದರೆ ವಾಟ್ಸ್ಆ್ಯಪ್ ಮಾಡಿದ ಸ್ವಲ್ಪ ಹೊತ್ತಿಗೆ ಮನುಷ್ಯ ಬಾಗಿಲಲ್ಲಿ ಹಾಜರು. ತಲೆನೋವು ಮಳೆಗಾಲದ್ದು. ಬಿಸಿಲು ಮಳೆಗೆ ಹೊರಗೇ ನೇತಾಡುವ ವೈರು, ಜೊತೆಗೆ ಕರೆಂಟ್ ಬೇಡುವ ಸ್ವಿಚ್. ಮನೆಯಲ್ಲಿ ಇನ್ವರ್ಟರ್ ಇದ್ದರೇನು, ಟೆರೇಸ್‌ನಲ್ಲಿ ಕರೆಂಟ್ ಹೋದರೆ ನೆಟ್ಟೂ ಹೋಯಿತು.

ಆಮೇಲೆ ಮನೆಯೊಳಗೇ ಬರುವ ಫೈಬರ್ ಹಾಕಿಸಿದೆವು. ಇದರಲ್ಲಿ ದಾರಿ ಮಧ್ಯೆ ಇರುವುದು ಒಂದು ಫೈಬರಿನ ಬೆಳಕನ್ನು ಹಲವು ಮನೆಗಳಿಗೆ ಹಂಚುವ ಸ್ಪ್ಲಿಟರ್, ಅದಕ್ಕೆ ಕರೆಂಟೇ ಬೇಡ. ಜಿಪಾನ್ ಅನ್ನುವ ಈ ಮಾಮೂಲಿ ಹಂಚಿಕೆಯ ಲೈನಿನಲ್ಲಿ ಸುಮಾರು 2.5 ಜಿಬಿಪಿಎಸ್ ಬರುತ್ತದೆ, ಅದನ್ನು 32 ಅಥವಾ 64 ಮನೆಗಳು ಹಂಚಿಕೊಳ್ಳುತ್ತವೆ. ಎಲ್ಲರೂ ಒಂದೇ ಸಲ ಎಳೆಯುವುದು ಅಪರೂಪ, ಹಾಗಾಗಿ ರಾತ್ರಿ ಒಂಬತ್ತಕ್ಕೂ ಸ್ಪೀಡ್ ಹೆಚ್ಚು ಬೀಳಲಿಲ್ಲ. ಕೂದಲಿನಷ್ಟು ತೆಳ್ಳಗಿನ ಗಾಜಿನ ಎಳೆ ಅದು. ಟಿವಿ ಕಪಾಟನ್ನು ಗೋಡೆಗೆ ಒತ್ತಿದಾಗ ವೈರು ಮಡಿಚಿಕೊಂಡರೆ ಸಾಕು, ಡಬ್ಬಿಯಲ್ಲಿ ಸಿಗ್ನಲ್ ಹೋಯಿತೆಂದು ಹೇಳುವ 'ಲಾಸ್' ದೀಪ ಕೆಂಪಗೆ ಮಿನುಗುತ್ತದೆ. ದೂರು ಕೊಡುವುದೂ ಕಾಲ್ ಸೆಂಟರ್‌ಗೆ. ಅಲ್ಲಿನ ಹಾಡು ನನಗೀಗ ಬಾಯಿಪಾಠ.

ಮೊಬೈಲ್ ಟವರಿನ ಸಿಗ್ನಲ್ ಹಿಡಿದು ಮನೆಗೆ ವೈಫೈ ಕೊಡುವ 5ಜಿ ಡಬ್ಬಿ ನೋಡಿದ್ದು ಠಾಣೆಯ ಘೋಡ್‌ಬಂದರ್ ರಸ್ತೆಯ ಅಕ್ಕನ ಮನೆಯಲ್ಲಿ. ಬಾಡಿಗೆ ಮನೆ, ಗೋಡೆ ಕೊರೆಯಲು ಮಾಲೀಕರು ಬಿಡುವುದಿಲ್ಲ. ಇಂಥವರಿಗೆ ಇದು ವರ. ಟವರ್ ಕಡೆಯ ಕಿಟಕಿಯಲ್ಲಿಟ್ಟರೆ ಒಂದು ಲೆಕ್ಕ, ಒಳಗಿನ ಹಾಲ್‌ನಲ್ಲಿಟ್ಟರೆ ಬೇರೆಯೇ ಲೆಕ್ಕ. ಕಾಂಕ್ರೀಟ್ ಗೋಡೆ ಸಿಗ್ನಲ್ ನುಂಗುತ್ತದೆ. ಕ್ರಿಕೆಟ್ ಮ್ಯಾಚ್ ಇದ್ದ ಸಂಜೆ ಭಾವ ಹೇಳಿದ್ದು: "ಎಲ್ಲರೂ ಅದೇ ಟವರಿಗೆ ಜೋತುಬಿದ್ದಿದ್ದಾರೆ ಮಾರಾಯ, ಸುಮ್ನೆ ಟೆಸ್ಟ್ ಮಾಡ್ಬೇಡ." ಡೇಟಾ ಮಿತಿಯೂ ಕಡಿಮೆ. ತಿಂಗಳಿಗೆ ಫೈಬರ್‌ನಲ್ಲಿ 3.3 ಟಿಬಿ ಸಾಮಾನ್ಯ, ಇದರಲ್ಲಿ 1 ಟಿಬಿ, ಅಂದರೆ 1000 ಜಿಬಿ.

ಹಳೇ ಟೆಲಿಫೋನ್ ತಾಮ್ರದ ಲೈನ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಆ ಲೈನಿನಲ್ಲಿ ನೆಟ್ ಕೊಡುವ ಎಡಿಎಸ್ಎಲ್ 2 ಪ್ಲಸ್‌ನ ಗರಿಷ್ಠವೇ 24 ಎಂಬಿಪಿಎಸ್, ಎಕ್ಸ್‌ಚೇಂಜ್ ದೂರವಾದಂತೆ ಅದೂ ಕರಗುತ್ತದೆ. ಸರ್ಕಾರದ ಲೆಕ್ಕದಲ್ಲಿ 'ಬ್ರಾಡ್‌ಬ್ಯಾಂಡ್' ಅನ್ನಿಸಿಕೊಳ್ಳಲು 2023ರಿಂದ 2 ಎಂಬಿಪಿಎಸ್ ಸಾಕು. ಅಂದರೆ ಆ ಪದ ಕೇಳಿ ಹಿಗ್ಗಬೇಡಿ.

ನನ್ನ ಓಟು ಫೈಬರ್‌ಗೆ, ಆದರೆ ನಿಮ್ಮ ವಿಂಗ್‌ನಲ್ಲಿ ಸ್ಪ್ಲಿಟರ್ ಡಬ್ಬಿ ಇದ್ದು ಅದರಲ್ಲಿ ಪೋರ್ಟ್ ಖಾಲಿ ಇದ್ದರೆ ಮಾತ್ರ. ಇಲ್ಲವಾದರೆ "ನಾಳೆ ಹಾಕುತ್ತೇವೆ" ಅಂತ ವಾರಗಟ್ಟಲೆ ಎಳೆಯುತ್ತಾರೆ. ಅಲ್ಲಿಯವರೆಗೆ ಗಿಗಾಬಿಟ್ (1 ಜಿಬಿಪಿಎಸ್‌ನ) ಸ್ವಿಚ್ ಇರುವ ಕೇಬಲ್‌ವಾಲಾನೇ ವಾಸಿ. ಆರು ತಿಂಗಳ ದುಡ್ಡು ಒಟ್ಟಿಗೆ ಕಟ್ಟುವ ಮೊದಲು ಅದೇ ಕನೆಕ್ಷನ್ ಇರುವ ಪಕ್ಕದ ಮನೆಯವರನ್ನು ಕೇಳಿ, ಲ್ಯಾಪ್‌ಟಾಪ್‌ಗೆ ವೈರು ಚುಚ್ಚಿ ರಾತ್ರಿ ಹೊತ್ತು ಟೆಸ್ಟ್ ಮಾಡಿ. ವೈಫೈನಲ್ಲಿ ಮಾಡಿದರೆ ನೀವು ಅಳೆಯುವುದು ಅವರ ರೂಟರನ್ನು, ಲೈನನ್ನಲ್ಲ. 18% ಜಿಎಸ್‌ಟಿ ಸೇರಿಸಿ ಎಷ್ಟಾಗುತ್ತದೆ ಅಂತಲೂ ಆಗಲೇ ಕೇಳಿಕೊಳ್ಳಿ, ಜಾಹೀರಾತಿನಲ್ಲಿ ಅದು ಸೇರಿರುವುದಿಲ್ಲ.