ಪವರ್ ಸ್ಟೀರಿಂಗ್: ಸೀಲ್ ಬದಲಿಸುವುದೋ, ಪಂಪನ್ನೇ ಬದಲಿಸುವುದೋ?

ದಾವಣಗೆರೆಯ ಪಿ.ಬಿ. ರಸ್ತೆಯ ದಟ್ಟಣೆಯಲ್ಲಿ ಹಳೆಯ ಕಾರಿನ ಸ್ಟೀರಿಂಗ್ ಬಿಗಿಯಾದರೆ, ಸ್ಟೀರಿಂಗ್ ಹಗುರಾಗಿಸಲು ಎಣ್ಣೆಗೆ ಒತ್ತಡ ಕೊಡುವ ಪಂಪಿನ ಬೆಲ್ಟ್ ಸಡಿಲವಾಗಿದೆಯೇ, ಆ ಎಣ್ಣೆಯಲ್ಲಿ ನೊರೆಯಿದೆಯೇ ಎಂದು ಮೊದಲು ನೋಡಬೇಕು. ನೊರೆಯಿದ್ದರೆ ಎಣ್ಣೆ ಹೀರುವ ಕೊಳವೆಯಲ್ಲಿ ಗಾಳಿ ಸೇರುತ್ತಿರುವ ಸಂಭವ ಹೆಚ್ಚು, ಆಗ ಪಂಪಿಗೆ ಕೈ ಹಚ್ಚುವ ಅಗತ್ಯವೇ ಬರಲಿಕ್ಕಿಲ್ಲ. ಪಂಪಿನ ಶಾಫ್ಟ್ ಬಳಿ ಸೋರಿಕೆಯಿದ್ದೂ ಒತ್ತಡ ಸರಿಯಾಗಿದ್ದರೆ ಸೀಲ್ ಕಿಟ್ (ಸೋರಿಕೆ ತಡೆಯುವ ಬಳೆಗಳ ಸೆಟ್) ಸಾಕು: ಖರ್ಚು ಕಡಿಮೆ, ಮೂಲ ಪಂಪ್ ಉಳಿಯುತ್ತದೆ, ಹಳೆಯ ಕಾರಿನ ಮಟ್ಟಿಗೆ ಅದು ದೊಡ್ಡ ಮಾತು. ಆದರೆ ಪಂಪಿನೊಳಗೆ ಎಣ್ಣೆಯನ್ನು ತಳ್ಳುವ ಚಿಕ್ಕ ಪಟ್ಟಿಗಳಾದ ವೇನ್‌ಗಳು ಸವೆದು, ಎಂಜಿನ್ ನಿಧಾನಗತಿಯಲ್ಲಿರುವಾಗ ಸ್ಟೀರಿಂಗ್ ಎರಡೂ ಕಡೆಗೆ ಭಾರವಾಗುತ್ತಿದ್ದರೆ, ಹೊಸ ಸೀಲ್ ಆ ಒತ್ತಡವನ್ನು ಮರಳಿಸಲಾರದು. ಪುನರ್ನಿರ್ಮಿತ ಪಂಪನ್ನೇ ಆರಿಸಬೇಕು. ಒಂದೇ ಕಡೆಗೆ ಭಾರವಾದರೆ ದೋಷ ಬಹುತೇಕ ಸ್ಟೀರಿಂಗ್ ಗೇರ್‌ಬಾಕ್ಸಿನ ಕವಾಟದಲ್ಲಿರುತ್ತದೆ; ಅಲ್ಲಿ ಎರಡು ಆಯ್ಕೆಗಳೂ ವ್ಯರ್ಥ. ಯಾವುದನ್ನು ಆರಿಸಿದರೂ ಹಳೆಯ ಎಣ್ಣೆಯನ್ನು ಪೂರ್ತಿ ತೆಗೆದು, ಕೈಪಿಡಿಯಲ್ಲಿ ಸೂಚಿಸಿದ ಎಣ್ಣೆಯನ್ನೇ ತುಂಬಿಸಿ.